ಗಣ್ಯರ ಭೇಟಿಗೆ ನೀರು, ಸಾವಿನ ಮನೆಗೆ ‘ಇತರೆ’

ರಾಷ್ಟ್ರೀಯ ಕೃತಕ ಬುದ್ಧಿಮತ್ತೆ ಕಾರ್ಯನೀತಿಗೆ ಮಾರ್ಗದರ್ಶಿ ತತ್ವಗಳನ್ನು ರೂಪಿಸುತ್ತಿರುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಮ್ಮ ಬೀದಿಗೆ ಇಪ್ಪತ್ತಾರು ವರ್ಷಗಳಿಂದ ನೀರು ಬಿಡುತ್ತಿದ್ದ ಪೆರುಮಾಳ್ ಅವರನ್ನು, ಯಂತ್ರಕ್ಕೆ ಸುಳ್ಳು ಹೇಳಿದ ಅಪರಾಧಕ್ಕಾಗಿ ಕೆಲಸದಿಂದ ನಿಲ್ಲಿಸಲಾಗಿದೆ. ಮನುಷ್ಯರಿಗೆ ಸುಳ್ಳು ಹೇಳಿ ಹುದ್ದೆ ಕಳೆದುಕೊಂಡವರನ್ನು ನಾನು ನೋಡಿಲ್ಲ. ಹೇಳಿ ಹುದ್ದೆ ಗಿಟ್ಟಿಸಿದವರನ್ನು ಬೇಕಾದಷ್ಟು ನೋಡಿದ್ದೇನೆ. ಆದ್ದರಿಂದ ಇದೊಂದು ಹೊಸ ಬಗೆಯ ಅಪರಾಧವೆಂದೂ, ಇದು ತಮ್ಮ ಸಮಿತಿಯ ವ್ಯಾಪ್ತಿಗೇ ಬರುತ್ತದೆಂದೂ ತಿಳಿದು ಬರೆಯುತ್ತಿದ್ದೇನೆ. ತಮ್ಮ ಕರಡಿನ ಕೊನೆಯ ಪುಟದಲ್ಲಿ, ನಾಗರಿಕರು ಐನೂರು ಅಕ್ಷರ ಮೀರದಂತೆ ಅಭಿಪ್ರಾಯ ಸಲ್ಲಿಸಬಹುದು ಎಂದಿದೆ. ಪ್ರಯತ್ನಪಟ್ಟೆ. ತಮ್ಮ ಸಮಿತಿಯ ಪೂರ್ತಿ ಹೆಸರು, ತಮಗೆ ಸಲ್ಲಬೇಕಾದ ಗೌರವ, ನನ್ನ ವಿಳಾಸ ಇಷ್ಟು ಬರೆಯುವಷ್ಟರಲ್ಲಿ ಅರ್ಧ ಮುಗಿದುಹೋಯಿತು. ಉಳಿದರ್ಧದಲ್ಲಿ ಒಬ್ಬ ಮನುಷ್ಯನ ಇಪ್ಪತ್ತಾರು ವರ್ಷ ಹಿಡಿಸಲಿಲ್ಲ. ಹೀಗಾಗಿ ಪತ್ರಿಕೆಯ ಮೂಲಕ ಬಹಿರಂಗವಾಗಿ ಬರೆಯಬೇಕಾಯಿತು, ಕ್ಷಮೆಯಿರಲಿ.

ನಾನು ಯಾರೆಂದು ತಮಗೆ ತಿಳಿಯುವ ಕಾರಣವಿಲ್ಲ. ಬಂಗಾರಪೇಟೆಯಲ್ಲಿ ತಾಲ್ಲೂಕು ಕಚೇರಿಗೆ ಎದುರಾಗಿ ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಜೆರಾಕ್ಸ್ ಎಂಬುದು ಬೋರ್ಡಿಗೆ. ನಿಜವಾದ ಕಸುಬು ಅರ್ಜಿ ಬರೆಯುವುದು. ಪಹಣಿಯಲ್ಲಿ ಹೆಸರು ತಪ್ಪಾದವರು, ರೇಷನ್ ಕಾರ್ಡಿನಿಂದ ಮಗಳು ಮಾಯವಾದವರು, ಬದುಕಿದ್ದೂ ಕಾಗದದಲ್ಲಿ ಸತ್ತವರು, ಎಲ್ಲರೂ ಇಪ್ಪತ್ತೆರಡು ವರ್ಷಗಳಿಂದ ನನ್ನ ಬೆಂಚಿನ ಮೇಲೆ ಕೂತು ಎದ್ದು ಹೋಗಿದ್ದಾರೆ. ಮನೆ ಇರುವುದು ಕೆಜಿಎಫ್‌ನಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಕಾಲೇಜಿನ ಉಪನ್ಯಾಸಕಿಯೊಬ್ಬರು ತಮ್ಮ ಕರಡಿನ ಪ್ರತಿ ತೆಗೆಸಲು ಬಂದಿದ್ದರು. ಅರವತ್ತನಾಲ್ಕು ಪುಟ. ನನ್ನ ಪ್ರಿಂಟರ್ ವಯಸ್ಸಾದದ್ದು, ಒಂದೊಂದು ಪುಟಕ್ಕೂ ಯೋಚನೆ ಮಾಡುತ್ತದೆ. ಅದು ಯೋಚಿಸುವ ಹೊತ್ತಿನಲ್ಲಿ ನಾನು ಓದಿದೆ. ‘ಮಾನವ ಕೇಂದ್ರಿತ’ ಎಂಬ ಮಾತು ಮೊದಲ ಹತ್ತು ಪುಟಗಳಲ್ಲೇ ಹದಿನೇಳು ಸಲ ಬಂದಿದೆ. ಅರ್ಜಿ ಬರೆಯುವವರಿಗೆ ಒಂದು ಅನುಭವವಿದೆ: ‘ನಾನು ಬಡವ’ ಎಂದು ಹದಿನೇಳು ಸಲ ಬರೆಸುವವನ ಮನೆ ಮುಂದೆ ಒಮ್ಮೆ ಹೋಗಿ ನೋಡಿಕೊಂಡು ಬರುವುದು ಒಳ್ಳೆಯದು.

ಈಗ ವಿಷಯಕ್ಕೆ ಬರುತ್ತೇನೆ. ನಮಗೆ ಬೇತಮಂಗಲದ ಕೆರೆಯಿಂದ ನೀರು ಬರುತ್ತದೆ. ಬರುತ್ತದೆ ಎಂದರೆ ಆರು ದಿನಕ್ಕೊಮ್ಮೆ, ಒಂದೂವರೆ ಗಂಟೆ. ಬೇಸಿಗೆಯಲ್ಲಿ ಎಂಟು ದಿನಕ್ಕೊಮ್ಮೆ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ನಾವು ಅದಕ್ಕೆ ಹೊಂದಿಕೊಂಡು ಎರಡು ತಲೆಮಾರು ಕಳೆದಿದೆ. ಯಾವ ಬೀದಿಗೆ ಯಾವಾಗ ವಾಲ್ವ್ ತಿರುಗಿಸಬೇಕು ಎಂಬುದು ಪೆರುಮಾಳ್ ಅವರ ತಲೆಯಲ್ಲಿತ್ತು. ಎದೆಮಟ್ಟದ ಕಬ್ಬಿಣದ ಕೀ ಹೆಗಲ ಮೇಲಿಟ್ಟುಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದರು. ಕಾಗದದಲ್ಲಿ ಅವರು ವಾಟರ್‌ಮ್ಯಾನ್. ಕಾಮಸಮುದ್ರದ ಕಡೆಯ ಹಳ್ಳಿಯಿಂದ ಬಂದ ನಮ್ಮ ಅತ್ತೆ ಮುನಿಗಂಗಮ್ಮ ಮಾತ್ರ ಕೊನೆಯವರೆಗೂ ಅವರನ್ನು ನೀರುಗಂಟಿ ಎಂದೇ ಕರೆದರು. ಹಳ್ಳಿಯಲ್ಲಿ ಕೆರೆಯ ತೂಬು ಎತ್ತಿ ಗದ್ದೆ ಗದ್ದೆಗೆ ನೀರು ಹಂಚುವವನ ಹೆಸರು ಅದು, ಅವನ ಮಾತಿಗೆ ಊರು ಎದುರಾಡುತ್ತಿರಲಿಲ್ಲ.

ನಮ್ಮ ಕಡೆ ಎಲ್ಲಿಯೂ ಬರೆದಿಡದ ಒಂದು ಪದ್ಧತಿಯಿತ್ತು. ಬೀದಿಯಲ್ಲಿ ಸಾವಾದರೆ, ನೆಂಟರಿಗೆ ಫೋನು ಮಾಡುವ ಮುಂಚೆ, ತಮಟೆಯವರಿಗೆ ಹೇಳಿ ಕಳಿಸುವ ಮುಂಚೆ, ಒಬ್ಬರು ಪೆರುಮಾಳ್ ಅವರ ಮನೆಗೆ ಹೋಗುತ್ತಿದ್ದರು. ಅವರು ಕಾಫಿ ಕುಡಿಯುತ್ತಿದ್ದರೂ ಲೋಟ ಕೆಳಗಿಟ್ಟು ಬಂದು, ಸರದಿ ಇರಲಿ ಬಿಡಲಿ, ಆ ಬೀದಿಗೆ ಒಂದು ಗಂಟೆ ನೀರು ಬಿಡುತ್ತಿದ್ದರು. ಹೆಣಕ್ಕೆ ಡ್ರಮ್ಮಿನಲ್ಲಿ ನಿಂತ ನೀರು ಹಾಕುವುದಿಲ್ಲ, ಆಗ ತಾನೇ ಹಿಡಿದ ನೀರೇ ಆಗಬೇಕು. ಮಣ್ಣು ಮಾಡಿ ಬಂದವರು ಮೈಕೈ ತೊಳೆಯದೆ ಹೊಸಿಲು ದಾಟುವುದಿಲ್ಲ. ಐವತ್ತು ಅರವತ್ತು ಜನ. ಇದಕ್ಕೆ ಯಾರೂ ಪೆರುಮಾಳ್ ಅವರಿಗೆ ಏನನ್ನೂ ಕೊಡುತ್ತಿರಲಿಲ್ಲ, ಅವರೂ ಕೇಳುತ್ತಿರಲಿಲ್ಲ. ಮಾರನೆಯ ದಿನ ಬೇರೆ ಬೀದಿಗೆ ಹತ್ತು ನಿಮಿಷ ಕಡಿಮೆ ಬಂದರೆ ಅವರಿಗೂ ಕಾರಣ ಗೊತ್ತಿರುತ್ತಿತ್ತು. ತಮ್ಮ ಕರಡಿನಲ್ಲಿ ‘ಸಮುದಾಯದ ಮೌಲ್ಯಗಳಿಗೆ ಹೊಂದುವ ತಂತ್ರಜ್ಞಾನ’ ಎಂಬ ಅಧ್ಯಾಯ ಓದುವಾಗ ನನಗೆ ಈ ಕೀ, ಈ ಸೈಕಲ್ಲು ನೆನಪಾದವು. ತಮಗೆ ಏನು ನೆನಪಿತ್ತೋ ಗೊತ್ತಿಲ್ಲ.

ಹೋದ ವರ್ಷ ನಮ್ಮಲ್ಲಿ ‘ಜಲಮತಿ’ ಬಂತು. ತಂದ ಕಚೇರಿಯ ಹೆಸರು ಬರೆಯುವುದಿಲ್ಲ, ನನಗೆ ನಾಳೆಯೂ ನೀರು ಬೇಕು. ವೇದಿಕೆ, ಹಾರ, ಪರದೆಯ ಮೇಲೆ ಬಣ್ಣದ ನಕ್ಷೆ, ಎಲ್ಲ ಇತ್ತು. ಇನ್ನು ಮೇಲೆ ಎಲ್ಲಿ ಎಷ್ಟು ನೀರು ಬಿಡಬೇಕೆಂದು ಯಂತ್ರವೇ ಯೋಚಿಸಿ ವಾಲ್ವ್ ತಿರುಗಿಸುತ್ತದೆ, ಪೈಪು ಒಡೆದರೆ ಯಂತ್ರವೇ ಕಂಡುಹಿಡಿಯುತ್ತದೆ, ಪಕ್ಷಪಾತಕ್ಕೆ ಜಾಗವೇ ಇಲ್ಲ ಎಂದರು. ಪೆರುಮಾಳ್ ಅವರಿಗೆ ಶಾಲು ಹೊದಿಸಿ, ಕಬ್ಬಿಣದ ಕೀ ವಾಪಸು ತೆಗೆದುಕೊಂಡು, ಕೈಗೊಂದು ಫೋನು ಕೊಟ್ಟರು. ಫೋನಿನಲ್ಲಿ ಕನ್ನಡವೂ ಇಂಗ್ಲಿಷೂ ಇದ್ದವು. ಪೆರುಮಾಳ್ ಅವರಿಗೆ ಓದಲು ಬರುವುದು ತಮಿಳು. ಕನ್ನಡ, ತೆಲುಗು ಎರಡನ್ನೂ ಮಾತಾಡುತ್ತಾರೆ, ಓದಲಾರರು. ಕೆಜಿಎಫ್‌ನಲ್ಲಿ ಅರ್ಧ ಊರು ಹಾಗೆಯೇ ಇದೆ. ಅಂದಿನಿಂದ ಅವರು ದಾರಿಯಲ್ಲಿ ಸಿಕ್ಕವರಿಗೆಲ್ಲ ಫೋನು ತೋರಿಸಿ, ಇದು ಏನು ಹೇಳುತ್ತಿದೆ ನೋಡಿ ಎಂದು ಕೇಳುವುದು ರೂಢಿಯಾಯಿತು. ಎಲ್ಲರನ್ನೂ ಒಳಗೊಳ್ಳುವುದು ಎಂದರೆ ಬಹುಶಃ ಇದೇ ಇರಬೇಕು.

ಹದಿನೈದು ದಿನ ಚೆನ್ನಾಗಿತ್ತು. ಆಮೇಲೆ ನೀರು ಬಂದ ಏಳೇ ನಿಮಿಷಕ್ಕೆ ನಿಲ್ಲತೊಡಗಿತು. ಕಾರಣ ತಿಳಿಯಲು ಒಂದು ತಿಂಗಳು ಬೇಕಾಯಿತು. ನೀರು ಯಾವ ಗಳಿಗೆಗೆ ಬರುವುದೋ ಗೊತ್ತಿಲ್ಲದ ಊರಿನಲ್ಲಿ ಯಾರೂ ನಲ್ಲಿ ಮುಚ್ಚುವುದಿಲ್ಲ. ತಿರುಪು ಪೂರ್ತಿ ಬಿಚ್ಚಿ, ಕೆಳಗೊಂದು ತಪ್ಪಲೆ ಇಟ್ಟು, ಒಳಗೆ ಅಡುಗೆ ಮಾಡಿಕೊಂಡಿರುತ್ತೇವೆ. ಮೊದಲು ಗಾಳಿ ಬುಸುಗುಡುತ್ತದೆ, ಆಮೇಲೆ ತಪ್ಪಲೆಗೆ ನೀರು ಬೀಳುವ ಸದ್ದು. ಬೀದಿಯೆಲ್ಲ ಹೊರಗೆ ಓಡಿ ಬರುತ್ತದೆ. ಜಲಮತಿಯ ಕಣ್ಣಿಗೆ ಇದು ಹೇಗೆ ಕಂಡಿತೆಂದರೆ, ನೀರು ಬಿಟ್ಟ ತಕ್ಷಣ ನಲವತ್ತು ಮನೆಯ ಪೈಪುಗಳಿಂದ ಒಟ್ಟಿಗೆ ನೀರು ಸುರಿಯುತ್ತಿದೆ, ಅಂದಮೇಲೆ ದೊಡ್ಡ ಪೈಪು ಒಡೆದಿದೆ. ಒಡೆದ ಪೈಪಿಗೆ ನೀರು ಬಿಡಬಾರದು. ಮುಚ್ಚು. ಅದು ಪಾಠ ಕಲಿತದ್ದು ಇಪ್ಪತ್ತನಾಲ್ಕು ಗಂಟೆಯೂ ನಲ್ಲಿಯಲ್ಲಿ ನೀರಿರುವ ಯಾವುದೋ ಊರಿನ ಲೆಕ್ಕಗಳಿಂದಂತೆ. ಅಂಥ ಊರಿನವರು ನಲ್ಲಿ ಬಿಚ್ಚಿಟ್ಟು ಮಲಗುವುದಿಲ್ಲ, ಪಾಪ ಅದಕ್ಕೇನು ಗೊತ್ತು. ನೀರೇ ಬಾರದವರ ಬುದ್ಧಿಯನ್ನು ನೀರು ತುಂಬಿದವರ ಊರಿನಲ್ಲಿ ಓದಿ ಬಂದ ಯಂತ್ರ ಅಳೆಯಿತು. ನಮ್ಮ ಮೊಬೈಲುಗಳಿಗೆ ಸಂದೇಶ ಬಂತು: ‘ನಿಮ್ಮ ಪ್ರದೇಶದಲ್ಲಿ ಭಾರಿ ಸೋರಿಕೆ. ನೀರು ಅಮೂಲ್ಯ, ವ್ಯರ್ಥ ಮಾಡದಿರಿ.’ ಆರು ದಿನದ ಬಟ್ಟೆ ಒಗೆಯದೆ ಇಟ್ಟುಕೊಂಡಿದ್ದ ಹೆಂಗಸರು ಆ ಉಪದೇಶವನ್ನು ಒಬ್ಬರಿಗೊಬ್ಬರು ಓದಿ ಹೇಳಿಕೊಂಡರು.

ಈ ಸ್ಥಿತಿಯಲ್ಲಿ ಒಂದು ಗುರುವಾರ ಬೆಳಿಗ್ಗೆ ಏಳೂವರೆಗೆ ನಮ್ಮ ಅತ್ತೆ ತೀರಿಕೊಂಡರು. ಎಂಬತ್ತೊಂದು ವರ್ಷ. ಮೂರು ದಿನದಿಂದ ಗಂಜಿ ಬಿಟ್ಟಿದ್ದರು, ಅನಿರೀಕ್ಷಿತವೇನಲ್ಲ. ನನ್ನ ಗಂಡ ವಿಜಯಕುಮಾರ್ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಬೆಳಗಿನ ರೈಲು ಹತ್ತಿ ಅರ್ಧ ದಾರಿಯಲ್ಲಿದ್ದವರು ಇಳಿದು ವಾಪಸು ಹೊರಟರು. ಮನೆಯಲ್ಲಿ ಎರಡು ಬಿಂದಿಗೆ ನೀರಿತ್ತು. ಸರದಿಗೆ ಇನ್ನೂ ನಾಲ್ಕು ದಿನ. ಅಕ್ಕಪಕ್ಕದ ಡ್ರಮ್ಮುಗಳಲ್ಲೂ ತಳ ಕಾಣುತ್ತಿತ್ತು. ಟ್ಯಾಂಕರಿನವನು ಸಂಜೆಗೆ ಮುಂಚೆ ಆಗುವುದಿಲ್ಲವೆಂದ. ಪಕ್ಕದ ಮನೆಯ ಅಕ್ಕಯ್ಯಮ್ಮ ಅತ್ತೆಯ ಕಾಲಬೆರಳು ಕಟ್ಟುತ್ತಲೇ ನನ್ನ ಕಡೆ ತಿರುಗಿ, “ನಿಂತ ನೀರಾಗೆ ಮೈ ತೊಳ್ಯಾಕಾಯ್ತದಾ ವನಿತಮ್ಮ? ಓಗು, ಪೆರುಮಾಳಂಗೆ ಯೇಳಿ ಬಾ ಮೊದ್ಲು” ಎಂದರು.

ಹೋದೆ. ಪೆರುಮಾಳ್ ಸುದ್ದಿ ಕೇಳಿ ಎದ್ದು ನಿಂತರು, ಚಪ್ಪಲಿ ಮೆಟ್ಟಿಕೊಂಡರು, ಆಮೇಲೆ ಅಲ್ಲೇ ನಿಂತುಬಿಟ್ಟರು. “ಅಮ್ಮಾ, ಕೀ ಎಲ್ಲಾ ಅವ್ರೇ ಇಸ್ಕೊಂಡ್ರಲ್ಲಮ್ಮಾ. ಇಪ್ಪ ಈ ಫೋನ್ ಏನ್ ಸೊಲ್ಲತ್ತೋ ಅದೇ. ನೀವೇ ಓದಿ ನೋಡಿ, ಇದ್ರಲ್ಲಿ ಸಾವು ಅಂತ ಎಲ್ಲಾದ್ರೂ ಇದ್ಯಾ” ಎಂದು ಫೋನನ್ನು ನನ್ನ ಕೈಗಿಟ್ಟರು.

ಓದಿದೆ. ಸರದಿ ಬಿಟ್ಟು ನೀರು ಬಿಡಬೇಕಾದರೆ ಕಾರಣ ಆರಿಸಬೇಕು. ನಾಲ್ಕೇ ಕಾರಣಗಳಿದ್ದವು. ಬೆಂಕಿ ಅವಘಡ. ಪೈಪು ದುರಸ್ತಿ ನಂತರದ ಪರೀಕ್ಷೆ. ಗಣ್ಯರ ಭೇಟಿ. ಇತರೆ. ಮಾನ್ಯರೇ, ಸಾವು ಅಪರೂಪದ ಘಟನೆಯಲ್ಲ. ಇದುವರೆಗೆ ಯಾವ ಬೀದಿಯೂ ತಪ್ಪಿಸಿಕೊಂಡಿದ್ದಿಲ್ಲ. ಗಣ್ಯರು ನಮ್ಮ ಬೀದಿಗೆ ಕೊನೆಯ ಸಲ ಬಂದದ್ದು ಯಾವಾಗ ಎಂದು ಹಿರಿಯರನ್ನು ಕೇಳಿದೆ, ಗಣಿ ಮುಚ್ಚುವ ಮುಂಚೆ ಯಾರೋ ಜೀಪಿನಲ್ಲಿ ದಾರಿ ತಪ್ಪಿ ಬಂದಿದ್ದರಂತೆ. ಆದರೂ ಆ ಪಟ್ಟಿ ತಯಾರಿಸಿದ ಮೇಧಾವಿಗಳಿಗೆ ಗಣ್ಯರು ನೆನಪಾದರು, ಸತ್ತವರು ನೆನಪಾಗಲಿಲ್ಲ. ಇದನ್ನು ಯಂತ್ರದ ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಆ ನಾಲ್ಕು ಸಾಲನ್ನು ಬರೆದದ್ದು ಯಾವುದೋ ತಣ್ಣನೆಯ ಕೋಣೆಯಲ್ಲಿ ಕೂತ ಮನುಷ್ಯರೇ.

‘ಇತರೆ’ ಒತ್ತಿದೆ. ವಿವರ ಕೇಳಿತು, ಬರೆದೆ. ‘ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ’ ಎಂದಿತು. ನೀರಿನ ಕಚೇರಿಯ ಕಿರಿಯ ಎಂಜಿನಿಯರ್ ಸುಧಾಕರ್ ಅವರಿಗೆ ಫೋನು ಮಾಡಿದೆ. ಕೆಟ್ಟವರಲ್ಲ, ತಾಳ್ಮೆಯಿಂದ ಕೇಳಿಸಿಕೊಂಡರು.

“ಮೇಡಂ, ನನಗೂ ಬೇಜಾರಾಗ್ತಿದೆ. ಆದ್ರೆ ಇಲ್ಲಿಂದ ನಾವು ಏನೂ ತೆಗೆಯೋಕಾಗಲ್ಲ. ಇತರೆ ಅಂತ ಹಾಕಿದ್ದು ಮೇಲಕ್ಕೆ ಹೋಗುತ್ತೆ.”

“ಎಷ್ಟೊತ್ತಾಗುತ್ತೆ ಸರ್?”

“ಎಪ್ಪತ್ತೆರಡು ಗಂಟೆ ಒಳಗೆ ಅಂತ ತೋರಿಸ್ತಿದೆ.”

“ಅಲ್ಲೀವರೆಗೂ ನಮ್ಮತ್ತೇನ ಏನ್ ಮಾಡ್ಲಿ?”

“ಮೇಲಿನವರನ್ನ ಕೇಳ್ಬೇಕು ಮೇಡಂ” ಎಂದರು. ಉತ್ತರ ಅವರ ಹತ್ತಿರ ಇರಲಿಲ್ಲ, ಮೇಲಿನವರ ಹತ್ತಿರ ಇತ್ತು. ಮೇಲಿನವರು ಯಾರೆಂದು ಅವರಿಗೂ ಗೊತ್ತಿರಲಿಲ್ಲ. ತಮ್ಮ ಕರಡು ‘ಉತ್ತರದಾಯಿತ್ವ’ ಎಂಬ ಪದವನ್ನು ಬಹಳ ಮುದ್ದಾಗಿ ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿದೆ. ಉತ್ತರ ಕೊಡಬೇಕಾದವರ ಮನೆ ಎಲ್ಲಿದೆ ಎಂದು ಒಂದು ಅಡಿಟಿಪ್ಪಣಿಯಲ್ಲಾದರೂ ಹೇಳಬಹುದಿತ್ತು.

ಮುಂದಿನದನ್ನು ತಾವು ಗಮನವಿಟ್ಟು ಓದಬೇಕು, ಏಕೆಂದರೆ ಯಾವ ವಿಚಾರಣಾ ಕಡತದಲ್ಲೂ ಇದು ಇಲ್ಲ. ಫೋನು ಇನ್ನೂ ನನ್ನ ಕೈಯಲ್ಲಿತ್ತು. ಪೆರುಮಾಳ್ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದರು. ನಾನು ಹೊಸ ಕೋರಿಕೆ ತೆರೆದು ‘ಗಣ್ಯರ ಭೇಟಿ’ ಒತ್ತಿದೆ. ಒತ್ತಿದ್ದು ನನ್ನ ಬೆರಳು. ಪೆರುಮಾಳ್ ಅವರಿಗೆ ಆ ಅಕ್ಷರ ಓದಲು ಬರುವುದಿಲ್ಲ, ನಾನು ಒತ್ತಿದ ಮೇಲೆ ಏನು ಒತ್ತಿದೆನೆಂದು ಹೇಳಿದೆ. ಅತ್ತೆಯನ್ನು ತಮಿಳಿನಲ್ಲಿ ಪಾಟಿ, ಅಂದರೆ ಅಜ್ಜಿ, ಎನ್ನುತ್ತಿದ್ದ ಅವರು, “ಸರಿ ಬಿಡಮ್ಮಾ, ಪಾಟಿ ದೊಡ್ಡ ಮನುಷೀನೇ ಅಲ್ವಾ” ಎಂದರು. ಯಂತ್ರ ಯಾರು ಬರುತ್ತಿದ್ದಾರೆಂದು ಕೇಳಲಿಲ್ಲ. ಹೆಸರಿಲ್ಲ, ಪರಿಶೀಲನೆಯಿಲ್ಲ. ಹನ್ನೊಂದು ನಿಮಿಷಕ್ಕೆ ನಲ್ಲಿಗಳು ಬುಸುಗುಟ್ಟಿದವು. ಎರಡು ಗಂಟೆ ನೀರು ಬಂತು. ಬಿಚ್ಚಿಟ್ಟ ನಲ್ಲಿಗಳಿಂದ ಸುರಿದದ್ದು ಸೋರಿಕೆ ಎನ್ನಿಸಲೂ ಇಲ್ಲ. ಗಣ್ಯರು ಇರುವಾಗ ಸೋರಿಕೆಯ ನಿಯಮ ಅನ್ವಯಿಸುವುದಿಲ್ಲವಂತೆ. ಅಕ್ಕಯ್ಯಮ್ಮ ಹೊಸ ನೀರು ಕಾಯಿಸಿ, ಅರಿಶಿನ ಹಾಕಿ, ಅತ್ತೆಗೆ ತಲೆಯಿಂದ ನೀರೆರೆದರು. ಮೂರೂವರೆಗೆ ಮಣ್ಣು ಮಾಡಿ ಬಂದವರೆಲ್ಲ ಕೈಕಾಲು ತೊಳೆದು ದೀಪ ನೋಡಿ ಹೋದರು. ಅಂದು ನನಗೆ ನಾಚಿಕೆಯಾಗಲಿಲ್ಲ. ಗೆದ್ದೆ ಎನ್ನಿಸಿತು.

ಗೆದ್ದವಳು ನಾನು, ತೆತ್ತವರು ಬೇರೆ. ತಿಂಗಳ ಕೊನೆಗೆ ಯಾರೋ ಶಿಷ್ಟಾಚಾರ ವಿಭಾಗದ ಪಟ್ಟಿಯನ್ನೂ ಜಲಮತಿಯ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ನಮ್ಮ ಬೀದಿಗೆ ಗಣ್ಯರು ಬಂದ ದಾಖಲೆಯಿಲ್ಲ. ಪೆರುಮಾಳ್ ಅವರಿಗೆ ನೋಟಿಸು ಬಂತು: ಸದರಿ ದಿನ ಸದರಿ ಬೀದಿಗೆ ಭೇಟಿ ನೀಡಿದ ಗಣ್ಯರು ಯಾರು, ಅವರ ಆಗಮನದ ಬಗ್ಗೆ ತಮಗೆ ಯಾರು ತಿಳಿಸಿದರು, ಏಳು ದಿನದೊಳಗೆ ಲಿಖಿತ ವಿವರಣೆ ನೀಡತಕ್ಕದ್ದು. ಆ ನೋಟಿಸು ಹಿಡಿದುಕೊಂಡು ಅವರು ಬಂದದ್ದು ಎಲ್ಲಿಗೆಂದು ಊಹಿಸಿ. ಇಪ್ಪತ್ತೆರಡು ವರ್ಷದಿಂದ ಊರಿಗೆಲ್ಲ ವಿವರಣೆ ಬರೆದು ಕೊಡುವವಳ ಅಂಗಡಿಗೆ. ಬೆಂಚಿನ ಮೇಲೆ ಕೂತು, “ನಾನೇ ಒತ್ತಿದೆ, ಗೊತ್ತಿಲ್ದೆ ಒತ್ತಿದೆ ಅಂತ ಬರೀರಮ್ಮಾ” ಎಂದರು. ನಾನು ಒಪ್ಪಲಿಲ್ಲ. ಒತ್ತಿದ್ದು ನಾನು, ಹಾಗೇ ಬರೆಯುತ್ತೇನೆ ಎಂದೆ.

“ಬೇಡಮ್ಮಾ. ನಿಮ್ಮ ಮನೇಲಿ ಈಗ್ತಾನೇ ಸಾವಾಗಿದೆ. ಅದ್ರ ಮೇಲೆ ನಿಮ್ಗೆ ಒಂದು ಕೇಸ್ ಬೇರೆ ಬೇಕಾ? ಬೇರೆಯವ್ರ ಕೈಗೆ ಫೋನ್ ಕೊಟ್ಟೆ ಅಂದ್ರೆ ಅದು ಇನ್ನೂ ದೊಡ್ಡ ತಪ್ಪು. ನಂಗೆ ಬೈದು ಬಿಟ್ಬಿಡ್ತಾರೆ, ಬರೀರಿ.”

ಬರೆದೆ, ಮಾನ್ಯರೇ. ಚೆನ್ನಾಗಿಯೇ ಬರೆದೆ. ‘ಅಚಾತುರ್ಯದಿಂದ’ ಎಂದೂ ‘ಪ್ರಮಾದವಶಾತ್’ ಎಂದೂ ಸೇರಿಸಿ, ಕೊನೆಗೆ ಅವರು ತಮಿಳಿನಲ್ಲಿ ಸಹಿ ಹಾಕುವ ಜಾಗವನ್ನು ಬೆರಳಿಟ್ಟು ತೋರಿಸಿದೆ. ಅವರು ಬೈದು ಬಿಡಲಿಲ್ಲ. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದರು. ಗುತ್ತಿಗೆಯ ಕೆಲಸ, ಬರಬೇಡ ಎಂದರೆ ಮುಗಿಯಿತು. ಫೋನನ್ನು ಸಾಕ್ಷ್ಯವೆಂದು ಲಕೋಟೆಗೆ ಹಾಕಿ ಅರಗು ಮುದ್ರೆ ಒತ್ತಿ ಬೀರುವಿನಲ್ಲಿಟ್ಟರು. ಈ ಎರಡು ತಿಂಗಳಿಂದ ಪೆರುಮಾಳ್ ಬೇರೆಯವರ ಹಸುಗಳಿಗೆ ಹುಲ್ಲು ಕೊಯ್ದು ತರುತ್ತಿದ್ದಾರೆ. ದಾರಿಯಲ್ಲಿ ಸಿಕ್ಕರೆ ಇಂದಿಗೂ ಮೊದಲು ಕೇಳುವುದು, ನೀರು ಬಂತಾ ಅಮ್ಮಾ ಎಂದೇ.

ಬಂತು. ಅದೇ ಈಗ ನಮ್ಮ ಕಷ್ಟ. ಅತ್ತೆ ಹೋದ ಮುಂದಿನ ಗುರುವಾರ ಬೆಳಿಗ್ಗೆ, ಸರದಿಯಲ್ಲದ ದಿನ, ತಪ್ಪಲೆಗಳಿಗೆ ನೀರು ಬಿತ್ತು. ಎರಡು ಗಂಟೆ. ಅದರ ಮುಂದಿನ ಗುರುವಾರವೂ. ದೇವರ ದಯೆ ಎಂದರು ಕೆಲವರು, ಮುನಿಗಂಗಮ್ಮನ ಆತ್ಮ ಎಂದರು ಕೆಲವರು. ನನಗೆ ಯಾಕೋ ಅನುಮಾನ ಬಂದು ಸುಧಾಕರ್ ಅವರನ್ನು ಕೇಳಿದೆ. ಅವರು ಹುಡುಕಿ ನೋಡಿ, ನಗಬೇಕೋ ಅಳಬೇಕೋ ತಿಳಿಯದ ದನಿಯಲ್ಲಿ ಹೇಳಿದರು: ಒಮ್ಮೆ ಗಣ್ಯರ ಭೇಟಿ ದಾಖಲಾದರೆ, ಜಲಮತಿ ಪ್ರತಿ ವಾರ ಅದೇ ದಿನ, ಭೇಟಿ ಮುಂದುವರಿದಿದೆಯೇ ಎಂದು ಅದೇ ಫೋನಿಗೆ ಕೇಳಿ ಕಳಿಸುತ್ತದೆ. ಒಂದು ಗಂಟೆಯೊಳಗೆ ಉತ್ತರ ಬಾರದಿದ್ದರೆ ಮುಂದುವರಿದಿದೆ ಎಂದು ತಿಳಿಯುತ್ತದೆ. ಮೊದಲ ವಾರಗಳಲ್ಲಿ ಪೆರುಮಾಳ್ ಅದನ್ನು ಯಾರಿಂದಲಾದರೂ ಓದಿಸುವಷ್ಟರಲ್ಲಿ ಗಂಟೆ ಕಳೆದಿರುತ್ತಿತ್ತು. ಈಗ ಫೋನು ಲಕೋಟೆಯಲ್ಲಿದೆ, ಲಕೋಟೆ ಬೀರುವಿನಲ್ಲಿದೆ, ವಿಚಾರಣೆ ಮುಗಿಯುವವರೆಗೆ ಮುದ್ರೆ ಒಡೆಯುವಂತಿಲ್ಲ. ಸುಳ್ಳು ಹೇಳಿದವನೆಂದು ಒಬ್ಬರನ್ನು ಹಿಡಿದರು, ಸುಳ್ಳನ್ನು ಮಾತ್ರ ಯಾರೂ ಹಿಡಿಯಲಿಲ್ಲ. ಅದು ಪ್ರತಿ ಗುರುವಾರ ತಪ್ಪದೆ ಕರ್ತವ್ಯಕ್ಕೆ ಹಾಜರಾಗುತ್ತಿದೆ.

ಈಗ ಲೆಕ್ಕ ಹಾಕಿ ನೋಡಿ. ಪೆರುಮಾಳ್ ಅವರ ವಿಚಾರಣೆ ಎಷ್ಟು ಎಳೆದರೆ ನಮ್ಮ ಬೀದಿಗೆ ಅಷ್ಟು ಗುರುವಾರ ನೀರು. ನಾನು ನಿಜ ಹೇಳಿದರೆ ಅವರು ಮರಳಿ ಬಂದಾರು, ನಮ್ಮ ನಲ್ಲಿ ಮತ್ತೆ ಏಳು ನಿಮಿಷಕ್ಕೆ ನಿಂತೀತು. ಇಂಥ ತಕ್ಕಡಿಯನ್ನು ನಲವತ್ತು ಬಡ ಮನೆಗಳ ಮುಂದೆ ನೇತುಹಾಕುವಷ್ಟು ಬುದ್ಧಿ ಯಾವ ಮನುಷ್ಯನಿಗೂ ಇರಲಿಲ್ಲ. ಅದನ್ನೇ ತಾವು ‘ಮನುಷ್ಯನ ಸಾಮರ್ಥ್ಯವನ್ನು ಮೀರಿದ’ ಎಂದು ಹದಿಮೂರನೆಯ ಪುಟದಲ್ಲಿ ಕೊಂಡಾಡಿದ್ದೀರೆಂದು ಕಾಣುತ್ತದೆ. ಬೀದಿಯವರು ನಲ್ಲಿಯ ಹತ್ತಿರವೇ ಸೇರಿ ಮಾತಾಡಿದರು. ಪೆರುಮಾಳ್‌ಗೆ ಹೇಗಾದರೂ ಬೇರೆ ಕೆಲಸ ಸಿಗುತ್ತದೆ, ನಮಗೆ ಬೇರೆ ನೀರು ಎಲ್ಲಿ ಸಿಗುತ್ತದೆ ಎಂದರು ಒಬ್ಬರು. ಹಾಗೆಂದವರನ್ನು ಯಾರೂ ಬೈಯಲಿಲ್ಲ. ನಾನೂ ಬೈಯಲಿಲ್ಲ, ಆ ಗುರುವಾರಗಳಲ್ಲೆಲ್ಲ ನಾನೂ ಡ್ರಮ್ಮು ತುಂಬಿಸಿಕೊಂಡಿದ್ದೇನೆ. ತುಂಬಿಸುವಾಗ ಪೆರುಮಾಳ್ ನೆನಪಾಗುತ್ತಿದ್ದರು, ಕೈ ನಿಲ್ಲುತ್ತಿರಲಿಲ್ಲ.

ನಮ್ಮೂರಿಗೆ ಯಂತ್ರವೇನೂ ಹೊಸದಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇನೆ, ಯಂತ್ರ ಕಂಡರೆ ಬೆದರುವ ಜನ ಎಂದು ತಾವು ಬರೆದುಕೊಳ್ಳಬಾರದಲ್ಲ. ದೇಶದ ಎಷ್ಟೋ ಊರುಗಳು ಸೀಮೆಎಣ್ಣೆ ಬುಡ್ಡಿ ಹಚ್ಚುತ್ತಿದ್ದಾಗ ಇಲ್ಲಿ ಕರೆಂಟಿತ್ತು. ಪೆರುಮಾಳ್ ಅವರ ತಂದೆ ಗಣಿಯಲ್ಲಿ ಆಳುಗಳನ್ನು ಪಾತಾಳಕ್ಕೆ ಇಳಿಸುವ ದೊಡ್ಡ ಯಂತ್ರದ ಬ್ರೇಕು ಹಿಡಿಯುತ್ತಿದ್ದವರು. ಆ ಯಂತ್ರ ತನ್ನಷ್ಟಕ್ಕೆ ತಾನೇ ತಿರುಗಬಲ್ಲದಾಗಿತ್ತು. ಆದರೂ ಪಾಳಿ ಪೂರ್ತಿ ಒಬ್ಬ ಮನುಷ್ಯನ ಕೈ ಬ್ರೇಕಿನ ಮೇಲಿರಬೇಕು, ಅವನ ಹೆಸರು ಗೋಡೆಯ ಮೇಲಿನ ಹಲಗೆಯಲ್ಲಿ ಬರೆದಿರಬೇಕು ಎಂಬುದು ನಿಯಮವಾಗಿತ್ತು ಎಂದು ಪೆರುಮಾಳ್ ಹೇಳುತ್ತಾರೆ. ಕೆಳಗೆ ಇಳಿದವನ ಹೆಂಡತಿಗೆ ಇಂದು ಬ್ರೇಕು ಯಾರ ಕೈಯಲ್ಲಿದೆ ಎಂದು ಗೊತ್ತಿರುತ್ತಿತ್ತಂತೆ. ತಮ್ಮ ಅರವತ್ತನಾಲ್ಕು ಪುಟಗಳಲ್ಲಿ ನಾನು ಹುಡುಕಿದ್ದು ಆ ಹಲಗೆಯನ್ನು, ಸಿಗಲಿಲ್ಲ.

ಅದಕ್ಕೇ ಕೇಳುತ್ತೇನೆ. ತತ್ವ ಎಂದರೇನು, ಮಾನ್ಯರೇ? ಪುಸ್ತಕದ ಮೊದಲ ಪುಟಕ್ಕೆ ಇಡುವ ಕುಂಕುಮವೇ? ಹಾಗಾದರೆ ತಮ್ಮದು ಚೆನ್ನಾಗಿಯೇ ಇದೆ, ಯಾರದೂ ತಕರಾರಿಲ್ಲ. ಆದರೆ ಒಂದು ಗುರುವಾರ ಬೆಳಿಗ್ಗೆ ಹೆಣವನ್ನು ಮನೆಯಲ್ಲಿ ಇಟ್ಟುಕೊಂಡು ಫೋನು ಹಿಡಿದು ನಿಂತವಳ ಕೈಗೆ ಸಿಗುವ ಸಾಮಾನಾಗಿ ತತ್ವ ಇರಬೇಕಾದರೆ, ಇಷ್ಟನ್ನಾದರೂ ಸೇರಿಸಿ. ಯಂತ್ರ ತೀರ್ಮಾನ ಮಾಡುವ ಪ್ರತಿ ಜಾಗದಲ್ಲೂ, ಅದೇ ಊರಿನಲ್ಲಿ, ನಡೆದು ಹೋಗುವಷ್ಟು ದೂರದಲ್ಲಿ ಒಬ್ಬ ಮನುಷ್ಯನಿರಲಿ. ಅವನ ಕೈಯಲ್ಲಿ ಕೀ ಇರಲಿ. ಮೊದಲು ತೆರೆದು ಆಮೇಲೆ ಕಾರಣ ಬರೆಯುವ ಹಕ್ಕು ಅವನಿಗಿರಲಿ, ಅವನು ಓದಬಲ್ಲ ಅಕ್ಷರದಲ್ಲಿ. ‘ಇತರೆ’ ಎಂದು ಒತ್ತಿದವರು ಯಂತ್ರದ ಹತ್ತಿರ ಕಾಯದೆ ಮನುಷ್ಯನ ಹತ್ತಿರ ಹೋಗುವಂತಿರಲಿ. ಯಂತ್ರಕ್ಕೆ ಪಾಠ ಹೇಳುವವರು ಅದನ್ನು ಯಾವ ಊರಿಗೆ ಕಳಿಸುತ್ತಾರೋ ಆ ಊರಿನಲ್ಲಿ ಆರು ದಿನ ಇದ್ದು, ಏಳನೆಯ ದಿನ ನೀರು ಹಿಡಿದು, ಆಮೇಲೆ ಪಾಠ ಶುರು ಮಾಡಲಿ. ಇದಕ್ಕಿಂತ ಮೇಲಿನ ಬುದ್ಧಿಮತ್ತೆಯ ಮಾತು ನನಗೆ ತಿಳಿಯದು, ತಮಗೆ ಬಿಟ್ಟಿದ್ದೇನೆ.

ಮೊನ್ನೆ ಬುಧವಾರ ಈ ಪತ್ರದ ಕರಡನ್ನು ಅಕ್ಕಯ್ಯಮ್ಮನಿಗೆ ಓದಿ ಹೇಳಿದೆ. ಅವರು ಅಕ್ಕಿ ಆರಿಸುತ್ತ ಕೇಳಿಸಿಕೊಂಡರು. ಆಮೇಲೆ, “ಇದನ್ನ ಕಳ್ಸಿದ್ರೆ ಗುರುವಾರದ ನೀರು ಓಯ್ತದೆ ಅನ್ನು” ಎಂದರು. ಹೋಗುತ್ತದೆ ಎಂದೆ. “ನಮ್ಮ ಮುನಿಗಂಗಕ್ಕನ್ನ ಕೊನೆಗೆ ಕೊಳೆ ಮೈಯಾಗೆ ಕಳಿಸ್ಲಿಲ್ಲ ಅಂದ್ರೆ ಅದು ಆ ಯಪ್ಪನಿಂದ. ನೀನು ಬರ್ಕೊಟ್ಟ ಸುಳ್ಳಿಗೆ ಆ ಯಪ್ಪ ಹುಲ್ಲು ಕುಯ್ತಾವ್ನೆ. ಏಂ ಚೇಸೇದಿ, ಏನ್ ಮಾಡಾಕಾಯ್ತದೆ, ಬರ್ದಿದೀಯ, ಕಳ್ಸು. ನನ್ನೆಸ್ರೂ ಆಕು” ಎಂದರು. ನಾನು ಕಾಗದ ಮಡಿಸುತ್ತಿದ್ದಾಗ ಕೈ ಅಡ್ಡ ಹಿಡಿದು, “ನಾಳೆ ಒಂದಿನ ಬ್ಯಾಡ. ನಾಡಿದ್ದು ಆಕು ಪೋಸ್ಟ್‌ಗೆ” ಎಂದು ಮತ್ತೆ ಅಕ್ಕಿಯ ಕಡೆ ತಿರುಗಿದರು.

ನಿನ್ನೆ ಗುರುವಾರ. ಬೀದಿಯವರೆಲ್ಲ ಇದ್ದಬದ್ದ ಪಾತ್ರೆ ತಂದು ತುಂಬಿಸಿಕೊಂಡೆವು, ಯಾರಿಗೂ ಕಾರಣ ಹೇಳಬೇಕಾಗಲಿಲ್ಲ. ಇಂದು ಶುಕ್ರವಾರ, ಈ ಪತ್ರವನ್ನು ಮೂವತ್ತೊಂದು ಮನೆಯವರ ಸಹಿ ಮತ್ತು ಹೆಬ್ಬೆಟ್ಟಿನೊಂದಿಗೆ ಅಂಚೆಗೆ ಹಾಕುತ್ತಿದ್ದೇನೆ. ಉಳಿದ ಒಂಬತ್ತು ಮನೆಯವರು ಹಾಕಲಿಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಬೇಡಿಕೆ ಸಣ್ಣದು. ‘ಗಣ್ಯರ ಭೇಟಿ’ ಒತ್ತಿದ್ದು ನಾನು, ಪೆರುಮಾಳ್ ಅವರ ಹೆಸರಿನ ವಿವರಣೆ ಬರೆದದ್ದೂ ನಾನು. ನೋಟಿಸನ್ನು ನನ್ನ ಹೆಸರಿಗೆ ಕಳಿಸಿ, ಈ ಸಲ ನಿಜವಾದ ವಿವರಣೆ ಬರೆಯುತ್ತೇನೆ. ಲಕೋಟೆಯ ಮುದ್ರೆ ಒಡೆದು ಗಣ್ಯರು ಹೊರಟುಹೋದರು ಎಂದು ಯಂತ್ರಕ್ಕೆ ತಿಳಿಸಿ. ನಮ್ಮ ಗುರುವಾರದ ನೀರು ವಾಪಸು ತೆಗೆದುಕೊಂಡು ನಮ್ಮ ಪೆರುಮಾಳ್ ಅವರನ್ನು ವಾಪಸು ಕೊಡಿ. ಕೀ ಸಮೇತ.

ಇಂತಿ,
ತಮ್ಮ ಪಟ್ಟಿಯಲ್ಲಿ ‘ಇತರೆ’ಗೆ ಸ್ವಲ್ಪ ಕೆಳಗಿರುವ,
ವನಿತಾ,
ಅರ್ಜಿ ಬರೆಯುವವಳು, ಬಂಗಾರಪೇಟೆ;
ದಿವಂಗತ ಗಣ್ಯರೊಬ್ಬರ ಸೊಸೆ, ಕೆಜಿಎಫ್